ಒಂದು ಕೊಲೆ ಪ್ರಕರಣ, ನಾಲ್ಕು ಪುಸ್ತಕ

1970ರ ಫೆಬ್ರುವರಿ 17ರ ನಸುಕು. ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದ ಫೋರ್ಟ್ ಬ್ರ್ಯಾಗ್ ಸೇನಾನೆಲೆಯ ಮನೆಯೊಂದರಿಂದ ಸಹಾಯ ಕೋರಿ ಫೋನ್ ಬಂತು. ಮಿಲಿಟರಿ ಪೊಲೀಸರು ಹೋಗಿ ನೋಡಿದರೆ, ಮಲಗುವ ಕೋಣೆಯಲ್ಲಿ ಗರ್ಭಿಣಿ ಕೊಲೆಟ್ ಮ್ಯಾಕ್‌ಡೊನಾಲ್ಡ್ ಹೆಣವಾಗಿ ಬಿದ್ದಿದ್ದರು. ಐದು ವರ್ಷದ ಕಿಂಬರ್ಲಿ, ಎರಡು ವರ್ಷದ ಕ್ರಿಸ್ಟನ್ ತಮ್ಮ ತಮ್ಮ ಹಾಸಿಗೆಯಲ್ಲಿ ಹೆಣವಾಗಿ ಸಿಕ್ಕರು. ಮಂಚದ ತಲೆಹಲಗೆಯ ಮೇಲೆ ರಕ್ತದಿಂದ ‘ಪಿಗ್’ ಎಂದು ಬರೆದಿತ್ತು. ಜೀವಂತ ಉಳಿದಿದ್ದವರು ಮನೆಯ ಯಜಮಾನ ಒಬ್ಬರೇ: 26 ವರ್ಷದ ಸೇನಾ ವೈದ್ಯ ಕ್ಯಾಪ್ಟನ್ ಜೆಫ್ರಿ ಮ್ಯಾಕ್‌ಡೊನಾಲ್ಡ್. ನಾಲ್ವರು ಅಪರಿಚಿತರು ನುಗ್ಗಿ ಬಂದರು, ಅವರಲ್ಲೊಬ್ಬಳು ಹೊಂಗೂದಲಿನ ಹೆಂಗಸು, ತಲೆಗೆ ಜೋಲು ಅಂಚಿನ ಟೋಪಿ ಹಾಕಿ ಮೇಣದಬತ್ತಿಯಂಥದ್ದೇನನ್ನೋ ಹಿಡಿದಿದ್ದಳು ಎಂದು ಅವರು ಹೇಳಿದರು.

ಸೇನೆಯ ಪ್ರಾಥಮಿಕ ವಿಚಾರಣೆ ಅದೇ ವರ್ಷ ಆರೋಪವನ್ನು ಕೈಬಿಟ್ಟಿತು. ಆದರೆ 1979ರ ಆಗಸ್ಟ್ 29ರಂದು ರಾಲಿ ನಗರದ ಫೆಡರಲ್ ನ್ಯಾಯಾಲಯದಲ್ಲಿ ಜ್ಯೂರಿ ಅವರನ್ನೇ ಅಪರಾಧಿ ಎಂದಿತು. ಒಂದರ ನಂತರ ಒಂದರಂತೆ ಮೂರು ಜೀವಾವಧಿ ಶಿಕ್ಷೆ. ಮ್ಯಾಕ್‌ಡೊನಾಲ್ಡ್ ಅಂದಿನಿಂದಲೂ ತಾನು ನಿರಪರಾಧಿ ಎನ್ನುತ್ತಲೇ ಬಂದಿದ್ದಾರೆ.

ಈ ಪ್ರಕರಣದ ಬಗ್ಗೆ ಖಚಿತ ಅಭಿಪ್ರಾಯ ಇಟ್ಟುಕೊಂಡವರು ಅಮೆರಿಕದಲ್ಲಿ ಅಸಂಖ್ಯ. ಅವರಲ್ಲಿ ನ್ಯಾಯಾಲಯದ ಕಡತ ತೆರೆದು ನೋಡಿದವರು ಬೆರಳೆಣಿಕೆಯಷ್ಟು. ಉಳಿದವರಿಗೆ ಈ ಮನೆಯ ಕಥೆ ಸಿಕ್ಕಿದ್ದು ಪುಸ್ತಕಗಳಿಂದ, ಅದರಲ್ಲೂ ಹೆಚ್ಚಿನವರಿಗೆ ತಾವು ಮೊದಲು ಓದಿದ ಪುಸ್ತಕದಿಂದ. ಓದುಗರ ಮನಸ್ಸಿನಲ್ಲಿ ತೀರ್ಪು ಹೇಗೆ ಗಟ್ಟಿಯಾಗುತ್ತದೆ ಎಂಬುದನ್ನು ಅರಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಮೊದಲ ಪುಸ್ತಕ ಜೋ ಮ್ಯಾಕ್‌ಗಿನಿಸ್ ಬರೆದ ‘ಫೇಟಲ್ ವಿಷನ್’, 1983ರದ್ದು. ವಿಚಾರಣೆಯ ಹೊತ್ತಿನಲ್ಲಿ ಈ ಲೇಖಕ ಆರೋಪಿಯ ವಕೀಲರ ತಂಡದ ಜತೆಯಲ್ಲೇ ಇದ್ದರು. ಪುಸ್ತಕದ ಗಳಿಕೆಯಲ್ಲಿ ಆರೋಪಿಗೂ ಪಾಲು ಎಂಬ ಒಪ್ಪಂದವಾಗಿತ್ತು. ಶಿಕ್ಷೆಯಾದ ಮೇಲೂ ಜೈಲಿಗೆ ಆತ್ಮೀಯ ಪತ್ರಗಳನ್ನು ಬರೆಯುತ್ತಿದ್ದರು. ಒಳಗೊಳಗೆ ಅವರು ಬರೆಯುತ್ತಿದ್ದ ಪುಸ್ತಕದಲ್ಲಿ ಮಾತ್ರ ಮ್ಯಾಕ್‌ಡೊನಾಲ್ಡ್ ಆತ್ಮರತಿಯ, ಭಾವಶೂನ್ಯ ಕೊಲೆಗಾರ. ಇದು ಮ್ಯಾಕ್‌ಡೊನಾಲ್ಡ್‌ಗೆ ತಿಳಿದದ್ದು ‘60 ಮಿನಿಟ್ಸ್’ ಟಿ.ವಿ. ಕಾರ್ಯಕ್ರಮದ ಕ್ಯಾಮೆರಾ ಎದುರು, ಸಂದರ್ಶಕ ಮೈಕ್ ವಾಲೆಸ್ ಪುಸ್ತಕದ ಸಾಲುಗಳನ್ನು ಓದಿ ಹೇಳಿದಾಗ! ಮರುವರ್ಷ ಎನ್‌ಬಿಸಿ ವಾಹಿನಿ ಅದನ್ನು ಕಿರುಧಾರಾವಾಹಿ ಮಾಡಿತು. ಪುಸ್ತಕ ಓದದವರ ಮನೆಗೂ ಕಥೆ ಹೊಕ್ಕಿತು.

ಇಲ್ಲೊಂದು ಸೂಕ್ಷ್ಮವಿದೆ. ನ್ಯಾಯಾಲಯದಲ್ಲಿ ಸರ್ಕಾರಿ ವಕೀಲರು ಕೊಲೆಗೆ ಉದ್ದೇಶ ಏನೆಂದು ಹೇಳಲೇ ಇಲ್ಲ. ಕಾನೂನಿನ ಪ್ರಕಾರ ಹೇಳಬೇಕಾಗಿಯೂ ಇರಲಿಲ್ಲ. ಯಾರು ಮಾಡಿದರೆಂದು ಸಾಬೀತಾದರೆ ಸಾಕು, ಯಾಕೆಂಬುದು ಬೇಕಿಲ್ಲ. ಆದರೆ ಓದುಗನಿಗೆ ‘ಯಾಕೆ’ ಇಲ್ಲದಿದ್ದರೆ ಗಂಟಲಲ್ಲಿ ಮುಳ್ಳು ಸಿಕ್ಕಿದ ಹಾಗೆ. ಪ್ರತಿಷ್ಠಿತ ವಿಶ್ವವಿದ್ಯಾಲಯದಲ್ಲಿ ಓದಿದ, ಮಕ್ಕಳನ್ನು ಎತ್ತಿ ಆಡಿಸುತ್ತಿದ್ದ ವೈದ್ಯ ಒಂದು ರಾತ್ರಿ ಯಾಕೆ ಹೀಗೆ ಮಾಡಿಯಾನು? ಆ ಖಾಲಿ ಜಾಗವನ್ನು ಮ್ಯಾಕ್‌ಗಿನಿಸ್ ತುಂಬಿದರು. ತೂಕ ಇಳಿಸಲು ಮ್ಯಾಕ್‌ಡೊನಾಲ್ಡ್ ನುಂಗುತ್ತಿದ್ದ ಎಸ್ಕಟ್ರಾಲ್ ಎಂಬ ಮಾತ್ರೆಯಲ್ಲಿ ಆಂಫೆಟಮೈನ್ ಇತ್ತು, ಅದು ಉನ್ಮಾದದ ಸಿಟ್ಟಿಗೆ ಕಿಚ್ಚು ಹಚ್ಚಿರಬಹುದು ಎಂದು ಬರೆದರು. ಜ್ಯೂರಿಯ ಮುಂದೆ ಸರ್ಕಾರ ಮಂಡಿಸಿದ ವಾದ ಇದಾಗಿರಲಿಲ್ಲ. ಆದರೂ ಈಗ ಪ್ರಕರಣದ ಮಾತೆತ್ತಿದರೆ ಅನೇಕರಿಗೆ ಮೊದಲು ನೆನಪಾಗುವುದು ಆ ಮಾತ್ರೆಯೇ.

ನ್ಯಾನ್ಸಿ ಪೆನಿಂಗ್ಟನ್ ಮತ್ತು ರೀಡ್ ಹೇಸ್ಟಿ ಎಂಬ ಮನೋವಿಜ್ಞಾನಿಗಳು ಇದರ ಒಳಮರ್ಮ ಹುಡುಕಿದರು. ಜ್ಯೂರಿಯ ಸದಸ್ಯರು ಸಾಕ್ಷ್ಯಗಳನ್ನು ತಕ್ಕಡಿಯಲ್ಲಿಟ್ಟು ತೂಗುತ್ತಾರೆಂದು ನಾವು ನಂಬಿರುತ್ತೇವೆ. ನಿಜದಲ್ಲಿ ಅವರು ಸಾಕ್ಷ್ಯಗಳನ್ನು ಹೆಣೆದು ಒಂದು ಕಥೆ ಮಾಡಿಕೊಳ್ಳುತ್ತಾರೆ, ಆಮೇಲೆ ಆ ಕಥೆಗೆ ಒಪ್ಪುವ ತೀರ್ಪು ಹುಡುಕುತ್ತಾರೆ ಎಂಬುದು ಇವರ ಕಂಡುಕೊಳ್ಳುವಿಕೆ. 1988ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎಲ್ಲರಿಗೂ ಒಂದೇ ಕೊಲೆ ಪ್ರಕರಣದ ಅವೇ ಸಾಕ್ಷ್ಯಗಳನ್ನು ಕೊಟ್ಟು, ಜೋಡಿಸಿದ ಕ್ರಮವನ್ನಷ್ಟೇ ಬದಲಿಸಿದರು. ಸರ್ಕಾರದ ಪರ ಸಾಕ್ಷ್ಯ ಘಟನೆ ನಡೆದ ಕ್ರಮದಲ್ಲಿ ಕಥೆಯಂತೆ ಹರಿದು, ಆರೋಪಿಯ ಪರ ಸಾಕ್ಷ್ಯ ಚೆಲ್ಲಾಪಿಲ್ಲಿಯಾಗಿ ಬಂದಾಗ ಶೇ 78 ಮಂದಿ ‘ಅಪರಾಧಿ’ ಎಂದರು. ಅದನ್ನು ತಿರುವುಮುರುವು ಮಾಡಿದಾಗ ಹಾಗೆಂದವರು ಶೇ 31 ಮಾತ್ರ. ಒಂದು ಸಾಕ್ಷ್ಯವೂ ಹೆಚ್ಚಾಗಿರಲಿಲ್ಲ, ಒಂದೂ ಕಡಿಮೆಯಾಗಿರಲಿಲ್ಲ. ನ್ಯಾಯಾಲಯದಲ್ಲಿ ಸಾಕ್ಷಿಗಳು ಬಂದು ಹೋಗುವುದು ಚೆಲ್ಲಾಪಿಲ್ಲಿಯಾಗಿಯೇ. ಅದನ್ನು ಹರಿಯುವ ಕಥೆಯಾಗಿಸುವುದು ಪುಸ್ತಕ ಬರೆಯುವವರ ಕಸುಬು.

ಈ ಕಸುಬು ಹೇಗೆ ಕೆಲಸ ಮಾಡುತ್ತದೆಂದು ನೋಡಲು ಒಂದು ಅಂಗಿ ಸಾಕು. ಮ್ಯಾಕ್‌ಡೊನಾಲ್ಡ್‌ರ ನೀಲಿ ಪೈಜಾಮದ ಮೇಲಂಗಿ ಪತ್ನಿಯ ಎದೆಯ ಮೇಲೆ ಬಿದ್ದಿತ್ತು. ಅದರಲ್ಲಿ 48 ದುಂಡನೆಯ ತೂತು. ಕೊಲೆಟ್ ಎದೆಯಲ್ಲಿ ಐಸ್‌ಪಿಕ್‌ನಿಂದ, ಅಂದರೆ ಮಂಜುಗಡ್ಡೆ ಒಡೆಯುವ ಸೂಜಿಯಂಥ ಸಲಕರಣೆಯಿಂದ, ಚುಚ್ಚಿದ 21 ಗಾಯ. ಎಫ್‌ಬಿಐ ಪ್ರಯೋಗಾಲಯ ಅಂಗಿಯನ್ನು ಒಂದು ರೀತಿಯಲ್ಲಿ ಮಡಿಸಿ, ಆ 48 ತೂತುಗಳ ಮೂಲಕ 21 ಸರಳು ತೂರಿಸಬಹುದೆಂದು ತೋರಿಸಿತು. ಅಂಗಿ ಆಕೆಯ ಮೈಮೇಲೆ ಹೊದಿಸಿದ ನಂತರವೇ ಚುಚ್ಚಲಾಗಿದೆ, ಹಾಗಾಗಿ ಚುಚ್ಚಿದವರು ಗಂಡನೇ ಎಂಬುದು ಸರ್ಕಾರದ ವಾದ. ಹಾಗೆ ಮಡಿಸಲು ಸಾಧ್ಯ ಎಂದ ಮಾತ್ರಕ್ಕೆ ಅಂದು ಹಾಗೆಯೇ ಮಡಿಸಿತ್ತೆಂದು ಹೇಗೆ ಹೇಳುತ್ತೀರಿ ಎಂಬುದು ಎದುರು ಪಕ್ಷದ ಪ್ರಶ್ನೆ. ವಿಚಾರಣೆಯ ನಡುವೆ ಇಬ್ಬರು ಸರ್ಕಾರಿ ವಕೀಲರು ನ್ಯಾಯಾಲಯದಲ್ಲೇ ಪ್ರಯೋಗಕ್ಕಿಳಿದರು. ಒಬ್ಬರು ಕೈಗೆ ಅಂಗಿ ಸುತ್ತಿಕೊಂಡು ಅಡ್ಡ ಹಿಡಿದರು, ಇನ್ನೊಬ್ಬರು ಐಸ್‌ಪಿಕ್‌ನಿಂದ ಚುಚ್ಚಿದರು. ಬಟ್ಟೆ ದುಂಡಗೆ ತೂತಾಗದೆ ಹರಿಯಿತು, ಅಂಗಿ ಹಿಡಿದ ವಕೀಲರ ತೋಳಿಗೂ ಸಣ್ಣ ಗಾಯವಾಯಿತು. ತಾನು ಅಂಗಿಯನ್ನು ಅಡ್ಡ ಹಿಡಿದು ಏಟು ತಪ್ಪಿಸಿಕೊಂಡೆ ಎಂದಿದ್ದ ಮ್ಯಾಕ್‌ಡೊನಾಲ್ಡ್‌ರ ಹೇಳಿಕೆಗೆ ಇದು ದೊಡ್ಡ ಹೊಡೆತ.

ಇಂಥ ದೃಶ್ಯ ಓದಿದವರಿಗೆ ಅದು ಕಣ್ಣಿಗೆ ಕಟ್ಟುತ್ತದೆ. ಪ್ರಯೋಗದ ಮಿತಿಗಳು ಕಣ್ಣಿಗೆ ಕಟ್ಟುವುದಿಲ್ಲ. ಮೆಲನಿ ಗ್ರೀನ್ ಮತ್ತು ತಿಮೊಥಿ ಬ್ರಾಕ್ 2000ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಅಳೆಯಿತು. ಅವರು ಓದಲು ಕೊಟ್ಟದ್ದು ಮಾಲ್ ಒಂದರಲ್ಲಿ ಮನೋರೋಗಿಯೊಬ್ಬ ಪುಟ್ಟ ಹುಡುಗಿಯನ್ನು ಇರಿದು ಕೊಲ್ಲುವ ಕಥೆ. ಕಥೆಯೊಳಗೆ ಹೆಚ್ಚು ಮುಳುಗಿದವರು ಕಥೆಗೆ ಹೊಂದುವ ನಂಬಿಕೆಗಳನ್ನೇ ಹೆಚ್ಚಾಗಿ ತಳೆದರು. ಇದು ನಡೆದದ್ದೆಂದು ಹೇಳಿದರೂ ಕಲ್ಪನೆಯೆಂದು ಹೇಳಿದರೂ ಫಲಿತಾಂಶದಲ್ಲಿ ವ್ಯತ್ಯಾಸವಾಗಲಿಲ್ಲ. ಸುಳ್ಳೆನಿಸಿದ ಸಾಲಿಗೆ ಗುರುತು ಹಾಕಿ ಎಂದಾಗ, ಮುಳುಗಿ ಓದಿದವರು ಗುರುತು ಹಾಕಿದ್ದು ಕಡಿಮೆ. ಮೈಮರೆತು ಓದಿಸಿಕೊಳ್ಳುವುದು ಪುಸ್ತಕದ ಹೆಗ್ಗಳಿಕೆ ಎನ್ನುತ್ತೇವೆ. ಅದೇ ಮೈಮರೆವು ಪ್ರಶ್ನೆ ಕೇಳುವ ಬುದ್ಧಿಯನ್ನೂ ಮಲಗಿಸುತ್ತದೆ.

ಇದೇ ಮನೆಯನ್ನು ಇನ್ನೊಂದು ಬಾಗಿಲಿನಿಂದ ಹೊಕ್ಕವರು ಎರೊಲ್ ಮೋರಿಸ್. 2012ರಲ್ಲಿ ಬಂದ ಅವರ ‘ಎ ವೈಲ್ಡರ್‌ನೆಸ್ ಆಫ್ ಎರರ್’ ತನಿಖೆಯ ತಪ್ಪುಗಳ ಬೃಹತ್ ಪಟ್ಟಿ. ತಪ್ಪುಗಳೇನೂ ಕಟ್ಟುಕಥೆಯಲ್ಲ. ಕೊಲೆ ನಡೆದ ಮನೆಯಲ್ಲಿ ಜನ ಓಡಾಡಿದರು. ಆಂಬುಲೆನ್ಸ್ ಚಾಲಕ ಪರ್ಸ್ ಕದ್ದ. ರಕ್ತದ ಹೆಜ್ಜೆ ಗುರುತಿದ್ದ ಮರದ ನೆಲವನ್ನು ಕೊಯ್ದು ತೆಗೆಯುವಾಗ ಗುರುತೇ ಹಾಳಾಯಿತು. ಹಜಾರದಲ್ಲಿ ಟೀಪಾಯಿ ಮಗುಚಿತ್ತು, ಹೂಕುಂಡ ಮಾತ್ರ ನೆಟ್ಟಗೆ ನಿಂತಿತ್ತು. ಹೊಡೆದಾಟ ನಟನೆ ಎನ್ನಲು ತನಿಖೆಗಾರರಿಗೆ ಇದೊಂದು ಸುಳಿವು. ಸ್ಥಳಕ್ಕೆ ಬಂದವರಲ್ಲೊಬ್ಬರು ಅದನ್ನು ಎತ್ತಿ ನಿಲ್ಲಿಸಿದ್ದರು ಎಂಬುದು ಮ್ಯಾಕ್‌ಡೊನಾಲ್ಡ್ ಪರದವರ ಉತ್ತರ. ಒಂದೇ ಹೂಕುಂಡ ಒಂದು ಪುಸ್ತಕದಲ್ಲಿ ಕೊಲೆಗಾರನ ಎಡವಟ್ಟು, ಇನ್ನೊಂದರಲ್ಲಿ ಪೊಲೀಸರ ಎಡವಟ್ಟು.

ಮೋರಿಸ್ ಮಾತಿಗೆ ತೂಕವಿತ್ತು. ಅವರ ‘ದಿ ಥಿನ್ ಬ್ಲೂ ಲೈನ್’ ಸಾಕ್ಷ್ಯಚಿತ್ರ 1988ರಲ್ಲಿ ಬಂದು, ತಪ್ಪಾಗಿ ಶಿಕ್ಷೆಗೊಳಗಾಗಿದ್ದ ರಾಂಡಲ್ ಆಡಮ್ಸ್ ಎಂಬಾತ ಮರುವರ್ಷ ಬಿಡುಗಡೆಯಾಗಲು ಕಾರಣವಾಗಿತ್ತು. ಅಲ್ಲಿ ಸರಿಯಾಗಿದ್ದವರು ಇಲ್ಲೂ ಸರಿ ಇರಬೇಕೆಂದು ಮನಸ್ಸು ತಾನಾಗಿ ಲೆಕ್ಕ ಹಾಕುತ್ತದೆ. ಹೆಲೆನಾ ಸ್ಟೋಕ್ಲಿ ಎಂಬ ಮಾದಕ ವ್ಯಸನಿ ಯುವತಿ, ಆ ರಾತ್ರಿ ತಾನು ಅಲ್ಲಿದ್ದೆನೆಂದು ಹಲವರ ಬಳಿ ಹೇಳಿದ್ದಳು. ಮೋರಿಸ್ ಪುಸ್ತಕದ ಬೆನ್ನುಮೂಳೆ ಆಕೆಯೇ. ಆದರೆ 1979ರಲ್ಲಿ ಜ್ಯೂರಿಯ ಮುಂದೆ ನಿಂತಾಗ ಆಕೆ, ಆ ರಾತ್ರಿ ಎಲ್ಲಿದ್ದೆನೆಂದು ನೆನಪಿಲ್ಲ ಎಂದಳು.

ಎರಡೂ ಪುಸ್ತಕ ಓದಿದರೆ ಸಮತೋಲನ ಬಂದೀತೇ? ಅಷ್ಟು ಸುಲಭವಲ್ಲ. 1979ರಲ್ಲಿ ಸ್ಟ್ಯಾನ್‌ಫರ್ಡ್‌ನ ಚಾರ್ಲ್ಸ್ ಲಾರ್ಡ್, ಲೀ ರಾಸ್, ಮಾರ್ಕ್ ಲೆಪ್ಪರ್ ಅವರು ಮರಣದಂಡನೆಯ ಪರ ಇದ್ದ 24 ಹಾಗೂ ವಿರೋಧ ಇದ್ದ 24 ವಿದ್ಯಾರ್ಥಿಗಳಿಗೆ ಎರಡೂ ಬಗೆಯ ಅಧ್ಯಯನಗಳನ್ನು ಓದಿಸಿದರು. ತಮ್ಮ ನಿಲುವಿಗೆ ಒಪ್ಪಿದ್ದನ್ನು ಇಬ್ಬರೂ ಒಳ್ಳೆಯ ಸಂಶೋಧನೆ ಎಂದರು, ಒಪ್ಪದ್ದರಲ್ಲಿ ಹುಳುಕು ಹೆಕ್ಕಿದರು. ಕೊನೆಗೆ ಇಬ್ಬರ ನಿಲುವೂ ಮೊದಲಿಗಿಂತ ಬಿಗಿಯಾಯಿತು.

ಹಾಲಿನ್ ಜಾನ್ಸನ್ ಮತ್ತು ಕೊಲೀನ್ ಸೀಫರ್ಟ್ 1994ರಲ್ಲಿ ಮತ್ತೊಂದು ತೊಡಕನ್ನು ತೋರಿಸಿಕೊಟ್ಟರು. ಗೋದಾಮೊಂದಕ್ಕೆ ಬೆಂಕಿ ಬಿದ್ದ ವರದಿ ಅದು. ಸಣ್ಣ ಕೋಣೆಯಲ್ಲಿ ಎಣ್ಣೆಬಣ್ಣ, ಗ್ಯಾಸ್ ಸಿಲಿಂಡರ್ ಇತ್ತು ಎಂದು ಮೊದಲು ಬರುತ್ತದೆ. ಆ ಮಾಹಿತಿ ತಪ್ಪು, ಕೋಣೆ ಖಾಲಿಯಿತ್ತು ಎಂದು ಆಮೇಲೆ ಬರುತ್ತದೆ. ಓದಿದವರು ತಿದ್ದುಪಡಿಯನ್ನು ನೆನಪಿಟ್ಟುಕೊಂಡರೂ, ಹೊಗೆ ಅಷ್ಟು ಕಪ್ಪಗಿತ್ತೇಕೆ ಎಂದು ಕೇಳಿದರೆ ಎಣ್ಣೆಬಣ್ಣದ ಕಡೆಗೇ ಜಾರುತ್ತಿದ್ದರು. ಬೆಂಕಿಗೆ ಬೇರೊಂದು ಕಾರಣ ಕೊಟ್ಟಾಗಲಷ್ಟೇ ಮೊದಲಿನದರ ಹಿಡಿತ ಸಡಿಲವಾಯಿತು. ಎಸ್ಕಟ್ರಾಲ್ ಮಾತ್ರೆಯ ಕಥೆ ಊಹೆ ಎಂದು ಹೇಳಿದರೂ ಅದು ಓದುಗರ ತಲೆಯಿಂದ ಹೋಗದಿರುವುದು ಇದೇ ಕಾರಣಕ್ಕೆ. ಅದರ ಜಾಗದಲ್ಲಿ ಇಡಲು ಮತ್ತೊಂದು ‘ಯಾಕೆ’ ಇಲ್ಲ.

ಉಳಿದೆರಡು ಪುಸ್ತಕಗಳಲ್ಲಿ ‘ಫೇಟಲ್ ಜಸ್ಟಿಸ್’ (1995) ಮ್ಯಾಕ್‌ಡೊನಾಲ್ಡ್ ಪರ ನಿಂತದ್ದು. ಜಾನೆಟ್ ಮಾಲ್ಕಂ ಬರೆದ ‘ದಿ ಜರ್ನಲಿಸ್ಟ್ ಅಂಡ್ ದಿ ಮರ್ಡರರ್’ (1990) ಕೊಲೆಯ ಗೊಡವೆಗೆ ಹೋಗದೆ ಮ್ಯಾಕ್‌ಗಿನಿಸ್ ನಡತೆಯನ್ನು ಕಟಕಟೆಗೆ ನಿಲ್ಲಿಸಿತು. ವಂಚನೆಯಾಯಿತೆಂದು ಮ್ಯಾಕ್‌ಡೊನಾಲ್ಡ್ ಹೂಡಿದ ದಾವೆಯಲ್ಲಿ, 1987ರಲ್ಲಿ ಲಾಸ್ ಏಂಜಲೀಸ್‌ನ ಆರು ಮಂದಿಯ ಜ್ಯೂರಿಯಲ್ಲಿ ಐವರು ಅವರ ಪರ ವಾಲಿದ್ದರು. ಒಮ್ಮತ ಬಾರದೆ 3,25,000 ಡಾಲರ್‌ಗೆ ರಾಜಿಯಾಯಿತು. ಮೂರು ಕೊಲೆಗೆ ಶಿಕ್ಷೆಯಾದ ಕೈದಿಯ ಪರ ಐವರು! ಬರಹಗಾರ ನಂಬಿಕೆದ್ರೋಹ ಮಾಡಿದ ಎಂಬುದು ಅವರ ಮುಂದಿದ್ದ ಕಥೆ. ಆ ಕಥೆಯಲ್ಲಿ ನೊಂದವರು ಮ್ಯಾಕ್‌ಡೊನಾಲ್ಡ್.

ಭಾರತದ ಓದುಗರಿಗೆ ಇದು ದೂರದ ಮಾತಲ್ಲ. ನೋಯ್ಡಾದ ಬಾಲಕಿ ಆರುಷಿಯ ಕೊಲೆ ಪ್ರಕರಣದಲ್ಲಿ ಆಕೆಯ ತಂದೆತಾಯಿಗೆ 2013ರ ನವೆಂಬರ್‌ನಲ್ಲಿ ಜೀವಾವಧಿ ಶಿಕ್ಷೆಯಾಯಿತು. 2015ರಲ್ಲಿ ಅವಿರೂಕ್ ಸೇನ್ ಅವರ ‘ಆರುಷಿ’ ಪುಸ್ತಕ, ಅದರ ಬೆನ್ನಿಗೇ ‘ತಲ್ವಾರ್’ ಸಿನಿಮಾ ಬಂದವು. ಅಲ್ಲಿಯವರೆಗೆ ಟಿ.ವಿ. ಚರ್ಚೆ ನೋಡಿ ‘ಅವರೇ’ ಎನ್ನುತ್ತಿದ್ದ ಎಷ್ಟೋ ಮಂದಿ ‘ಅವರಲ್ಲ’ ಎನ್ನತೊಡಗಿದರು. 2017ರ ಅಕ್ಟೋಬರ್ 12ರಂದು ಅಲಹಾಬಾದ್ ಹೈಕೋರ್ಟ್ ಇಬ್ಬರನ್ನೂ ಖುಲಾಸೆ ಮಾಡಿತು. ಪೀಠದ ನ್ಯಾಯಮೂರ್ತಿಯೊಬ್ಬರು ವಿಚಾರಣಾ ನ್ಯಾಯಾಧೀಶರನ್ನು ಸಿನಿಮಾ ನಿರ್ದೇಶಕನಿಗೆ ಹೋಲಿಸಿದರು. ಚದುರಿದ ಸಂಗತಿಗಳಿಗೆ ಊಹೆ ಬೆರೆಸಿ ಅವರು ಕಥೆ ಕಟ್ಟಿದ್ದಾರೆ ಎಂಬುದು ಆಕ್ಷೇಪ. ಕಥೆ ಕಟ್ಟುವ ಚಾಳಿ ಓದುಗರಿಗಷ್ಟೇ ಅಂಟಿದ್ದಲ್ಲ.

ಹಾಗಾದರೆ ಅಭಿಪ್ರಾಯ ಬದಲಾಗುವುದೇ ಇಲ್ಲವೇ? ಬದಲಾಗುತ್ತದೆ. ಮ್ಯಾಕ್‌ಡೊನಾಲ್ಡ್ ಪ್ರಕರಣದಲ್ಲೇ ಅದಕ್ಕೆ ಸಾಕ್ಷಿ ಕೊಲೆಟ್ ಅವರ ಮಲತಂದೆ ಫ್ರೆಡ್ಡಿ ಕಸಾಬ್. ಮೊದಲು ಅವರು ಅಳಿಯನ ಕಟ್ಟಾ ಬೆಂಬಲಿಗ, ಸೇನೆಯ ವಿಚಾರಣೆಯಲ್ಲಿ ಅಳಿಯನ ಪರವಾಗಿಯೇ ಸಾಕ್ಷಿ ಹೇಳಿದವರು. ನುಗ್ಗಿದವರಲ್ಲಿ ಒಬ್ಬನನ್ನು ತಾವೇ ಹುಡುಕಿ ಮುಗಿಸಿದೆವೆಂದು ಅಳಿಯ ಅವರಿಗೆ ಹೇಳಿದ್ದುಂಟು. ಅದು ಸುಳ್ಳೆಂದು ಮ್ಯಾಕ್‌ಡೊನಾಲ್ಡ್ ನಂತರ ಒಪ್ಪಿಕೊಂಡರು. ಸೇನಾ ವಿಚಾರಣೆಯ ನಡಾವಳಿಯ ಪ್ರತಿಯನ್ನು ಕಸಾಬ್ ಪಟ್ಟುಹಿಡಿದು ತರಿಸಿಕೊಂಡರು. ಮತ್ತೆ ಮತ್ತೆ ಓದಿದರು. 1971ರಲ್ಲಿ ತನಿಖೆಗಾರರ ಜತೆ ಅದೇ ಮನೆಗೆ ಹೋಗಿ, ಅಳಿಯನ ಒಂದೊಂದು ಹೇಳಿಕೆಯನ್ನೂ ಅದೇ ಕೋಣೆಗಳಲ್ಲಿ ನಿಂತು ಗಂಟೆಗಟ್ಟಲೆ ಒರೆಗೆ ಹಚ್ಚಿದರು. ಆಗ ಇನ್ನೂ ಯಾವ ಪುಸ್ತಕವೂ ಬಂದಿರಲಿಲ್ಲ. ಅಳಿಯನನ್ನು ಮತ್ತೆ ನ್ಯಾಯಾಲಯಕ್ಕೆ ಎಳೆತಂದದ್ದು ಅವರ ಹಟವೇ.

ಅವರು ಹಾಗೆ ಒರೆಗೆ ಹಚ್ಚಲು ಆಧಾರವೂ ಇತ್ತು. ಆ ಮನೆಯ ನಾಲ್ವರದೂ ನಾಲ್ಕು ರಕ್ತದ ಗುಂಪು. ತಾಯಿ ಎ, ತಂದೆ ಬಿ, ದೊಡ್ಡ ಮಗಳು ಎಬಿ, ಚಿಕ್ಕವಳು ಒ. ಡಿಎನ್‌ಎ ಪರೀಕ್ಷೆ ಇಲ್ಲದ ಆ ಕಾಲದಲ್ಲೂ ಯಾರ ರಕ್ತ ಯಾವ ಕೋಣೆಯಲ್ಲಿ ಚೆಲ್ಲಿದೆ ಎಂದು ಹೇಳಬಹುದಿತ್ತು. ಹಾಸಿಗೆಯಲ್ಲಿ ಸಿಕ್ಕ ಕಿಂಬರ್ಲಿಯ ಎಬಿ ರಕ್ತ ತಂದೆತಾಯಿಯ ಕೋಣೆಯಲ್ಲೂ ಇತ್ತು. ಅಂದರೆ ಮಗುವನ್ನು ಯಾರೋ ಹೊತ್ತು ತಂದು ಮಲಗಿಸಿದ್ದರು.

2006ರಲ್ಲಿ ಡಿಎನ್‌ಎ ವರದಿ ಬಂತು. ಕೊಲೆಟ್ ಕೈಯಲ್ಲಿ ಸಿಕ್ಕಿದ್ದ, ಹೊರಗಿನವರದ್ದೆಂದು ಮ್ಯಾಕ್‌ಡೊನಾಲ್ಡ್ ಪರದವರು ಆಸೆ ಇಟ್ಟಿದ್ದ ಕೂದಲು ಮ್ಯಾಕ್‌ಡೊನಾಲ್ಡ್‌ರದ್ದೇ ಆಗಿತ್ತು. ಸ್ಟೋಕ್ಲಿಯದ್ದೆಂದು ಯಾವುದೂ ಹೊಂದಲಿಲ್ಲ. ಮೂರು ಕೂದಲು ಯಾರದ್ದೆಂದು ಗೊತ್ತಾಗಲಿಲ್ಲ. ಎಲ್ಲವನ್ನೂ ಪರಿಶೀಲಿಸಿದ ಮೇಲ್ಮನವಿ ನ್ಯಾಯಾಲಯ, ಶಿಕ್ಷೆ ರದ್ದುಪಡಿಸಲು ಇಷ್ಟು ಸಾಲದು ಎಂದು 2018ರ ಡಿಸೆಂಬರ್‌ನಲ್ಲಿ ಹೇಳಿತು. 2021ರಲ್ಲಿ ವಯಸ್ಸು, ಅನಾರೋಗ್ಯದ ಕಾರಣ ನೀಡಿ ಸಲ್ಲಿಸಿದ್ದ ಬಿಡುಗಡೆಯ ಅರ್ಜಿಯೂ ತಿರಸ್ಕೃತವಾಯಿತು.

2018ರ ಆ ತೀರ್ಪು ಯಾರು ಬೇಕಾದರೂ ಓದಲು ಸಿಗುತ್ತದೆ. ಅದರಲ್ಲಿ ಪುಸ್ತಕಗಳ ಓಟವಿಲ್ಲ. ಎರಡೂ ಕಡೆಯ ಮಾತು, ಸಾಕ್ಷ್ಯದ ಹಿಂದೆ ಸಾಕ್ಷ್ಯ ನಿಧಾನವಾಗಿ ಬರುತ್ತದೆ, ಓದಲು ತಾಳ್ಮೆ ಬೇಕು. ಈ ನಾಲ್ಕರಲ್ಲಿ ಯಾವುದೇ ಪುಸ್ತಕ ಓದಿ ಮ್ಯಾಕ್‌ಡೊನಾಲ್ಡ್ ಅಪರಾಧಿಯೋ ನಿರಪರಾಧಿಯೋ ಎಂದು ತೀರ್ಮಾನಿಸಿದವರು, ಆ ತೀರ್ಮಾನವನ್ನು ಇನ್ನೊಬ್ಬರಿಗೆ ಹೇಳುವ ಮುನ್ನ ದಯವಿಟ್ಟು ಅದನ್ನೂ ಓದಬೇಕು.