ಹಳೇ ವ್ಯಾನಿಗೆ ಕ್ರೂಸ್ ಕಂಟ್ರೋಲ್: ಕೂಡಿಸೋ ಮುಂಚೆ ಇಷ್ಟು ನೋಡ್ರಿ

ಮುನವಳ್ಳಿ: ಧಾರವಾಡ, ಬೆಳಗಾವಿಯಿಂದ ಮಾಲು ತರುವ ಹಳೇ ವ್ಯಾನಿಗೆ ಕ್ರೂಸ್ ಕಂಟ್ರೋಲ್ ಕೂಡಿಸಬಹುದು, ಆದರೆ ಸಣ್ಣ ಕೆಲಸ ಅಲ್ಲ. ಎಕ್ಸಲೇಟರ್ ವೈರಿಂಗ್ ಮೇಲೆ ನಡೆಯುವ ಹೊಸ ಗಾಡಿಗಾದರೆ ಬಹುಮಟ್ಟಿಗೆ ಒಂದು ಮಾಡ್ಯೂಲ್ ಸಾಕು. ಹಳೇ ಗಾಡಿಯದು ಕೇಬಲ್. ಅದನ್ನು ಜಗ್ಗಿ ಹಿಡಿಯಲು ಮೋಟಾರ್, ವೇಗ ತಿಳಿಯಲು ಸೆನ್ಸರ್ ಬೇರೆ ಬೇಕು.

ಜೀವ ಉಳಿಸೋದು ಬ್ರೇಕ್ ಸ್ವಿಚ್. ಬ್ರೇಕ್ ಮುಟ್ಟಿದ ಕೂಡಲೇ ಕ್ರೂಸ್ ಬಿಡಬೇಕು. ಕ್ಲಚ್‌ಗೂ ಸ್ವಿಚ್ ಇರಲಿ. ಇಲ್ಲಂದ್ರ ಕ್ಲಚ್ ತುಳಿದಾಗ ಇಂಜಿನ್ ಒಮ್ಮೆಲೇ ರೇಸ್ ಆಗ್ತದ. ಫಿಟ್ ಮಾಡಿಸಿದ ದಿನವೇ ಖಾಲಿ ರಸ್ತೆಯಲ್ಲಿ ಎರಡನ್ನೂ ಒತ್ತಿ ನೋಡ್ರಿ.

ಸ್ಪೀಡ್ ಗವರ್ನರ್ ಅಂದ್ರ ಇದಲ್ಲ. ಅದು ನಿಗದಿ ಮಿತಿ ದಾಟದಂತೆ ತಡೀತದ. ಇದ್ದ ಗಾಡಿಯಲ್ಲಿ ಅದನ್ನು ಬಿಚ್ಚಿಸಬೇಡ್ರಿ.

ಕಬ್ಬಿನ ಟ್ರ್ಯಾಕ್ಟರು, ಎಲ್ಲಮ್ಮನ ಗುಡ್ಡಕ್ಕ ಹೊಂಟ ಚಕ್ಕಡಿ ಇರೋ ಸವದತ್ತಿ ರಸ್ತೆಗೆ ಕ್ರೂಸ್ ಉಪಯೋಗಿಲ್ಲ. ಬೆಳಗಾವಿ–ಧಾರವಾಡ ಹೆದ್ದಾರಿ 48ರಲ್ಲಿ ನಡೀತದ. ಮಳಿ ಬಂದ್ರ ಅಲ್ಲೂ ಬಂದ್ ಇಡ್ರಿ.