ಅಪ್ಪ, ಅಮ್ಮ ಮತ್ತು ಒತ್ತಕ್ಷರ

ಮಗು ಓದಲು ಕಲಿಯಿತು ಎಂದು ಯಾವಾಗ ಹೇಳಬೇಕು? ವರ್ಣಮಾಲೆಯ 49 ಅಕ್ಷರಗಳನ್ನೂ ತಡವರಿಸದೆ ಒಪ್ಪಿಸಿದಾಗ ಎಂದು ಅನೇಕ ತಂದೆತಾಯಿಗಳು ಉತ್ತರ ಕೊಟ್ಟಾರು. ಆದರೆ ಅಕ್ಷರ ಬರುವುದು ಬೇರೆ, ಓದು ಬರುವುದು ಬೇರೆ. ಇವೆರಡರ ನಡುವಣ ಅಂತರವನ್ನು ಹಿರಿಯರು ಹಗುರವಾಗಿ ಎಣಿಸಿದರೆ ಅದರ ಬೆಲೆ ತೆರುವವರು ಮಕ್ಕಳು.

ಕಾಲೇಜಿನಲ್ಲಿ ಕನ್ನಡ ಬೋಧಿಸುವವನಿಗೆ ಒಂದನೆಯ ತರಗತಿಯ ಗೊಡವೆಯೇಕೆ ಎಂದು ವಾಚಕರು ಕೇಳಬಹುದು. ಪದವಿ ತರಗತಿಯಲ್ಲಿ ಗದ್ಯದ ಒಂದು ಪುಟವನ್ನು ಗಟ್ಟಿಯಾಗಿ ಓದಿಸಿದಾಗ ಕೆಲವರು ಪದಪದಕ್ಕೂ ಎಡವುತ್ತಾರೆ. ಓದಿದ್ದರ ಅರ್ಥ ಕೇಳಿದರೆ ಮೌನ. ಅದೇ ಭಾಗವನ್ನು ನಾನು ಓದಿ ಹೇಳಿದರೆ ಸೊಗಸಾಗಿ ವಿವರಿಸುತ್ತಾರೆ. ಬುದ್ಧಿಗೆ ಕೊರತೆಯಿಲ್ಲ, ಅಕ್ಷರಗಳನ್ನು ಕೂಡಿಸುವುದರಲ್ಲೇ ಗಮನವೆಲ್ಲ ವೆಚ್ಚವಾದರೆ ಅರ್ಥಕ್ಕೆ ಉಳಿಯುವುದೇನು?

ಈ ತೊಡಕಿನ ಬೇರನ್ನು ಅರಸುತ್ತ ಒಂದು ಪ್ರಾಥಮಿಕ ಶಾಲೆಗೆ ಕೆಲವು ದಿನ ಹೋಗಿ ಕುಳಿತೆ. ಅಲ್ಲಿ ಒಬ್ಬ ಹುಡುಗ ಪಾಠವನ್ನು ನಿರರ್ಗಳವಾಗಿ ಓದಿದ. ಅವನ ಬೆರಳು ಮೊದಲನೆಯ ಸಾಲಿನಲ್ಲಿರುವಾಗ ಬಾಯಿ ಮೂರನೆಯ ಸಾಲನ್ನು ಮುಗಿಸಿತ್ತು! ಅದೇ ಪಾಠದ ‘ಮನೆ’ ಎಂಬ ಪದವನ್ನು ಹಲಗೆಯ ಮೇಲೆ ಬೇರೆಯಾಗಿ ಬರೆದು ತೋರಿಸಿದರೆ ಗುರುತಿಸಲಾರದೆ ಹೋದ. ಅವನು ಕಲಿತದ್ದು ಕಿವಿಯಿಂದ. ಕಣ್ಣಿಗಿನ್ನೂ ಪಾಠವೇ ಆಗಿರಲಿಲ್ಲ.

ನಮ್ಮ ಲಿಪಿಯಲ್ಲಿ ಒಂದು ವರವಿದೆ, ಒಂದು ಭಾರವಿದೆ. ಅಕ್ಷರದ ಹೆಸರೇ ಅದರ ಧ್ವನಿಯಾಗಿರುವುದು ವರ. ಇಂಗ್ಲಿಷ್ ಕಲಿಯುವ ಮಗುವನ್ನು ಕಾಡುವ ಉಚ್ಚಾರಣೆಯ ಚಾಂಚಲ್ಯ ಇಲ್ಲಿ ತೀರ ಕಡಿಮೆ. ಭಾರವಿರುವುದು ಎಣಿಕೆಯಲ್ಲಿ. 34 ವ್ಯಂಜನಗಳು 13 ಸ್ವರಗಳೊಡನೆ ಕೂಡಿದರೆ 442 ರೂಪಗಳಾಗುತ್ತವೆ. ಒತ್ತಕ್ಷರಗಳು ಅದರ ಮೇಲೆ. ತಲೆಕಟ್ಟು, ಇಳಿ, ಗುಡಿಸು, ಕೊಂಬುಗಳ ನಿಯಮವನ್ನು ಕಂಡುಕೊಂಡ ಮಗುವಿಗೆ ಇದು ಆಟ. ಕಾಗುಣಿತವನ್ನು ಬರಿಯ ರಾಗವಾಗಿ ಒಪ್ಪಿಸುವ ಮಗುವಿಗೆ ಅಡವಿ. ನಿಯಮಕ್ಕೂ ಅಪವಾದಗಳುಂಟು. ‘ಕು’ವಿನಲ್ಲಿ ಬಲಗಡೆ ನಿಂತ ಕೊಂಬು ‘ಪು’, ‘ವು’ಗಳಲ್ಲಿ ಕೆಳಗಿಳಿಯುತ್ತದೆ. ‘ಸೂರ್ಯ’ದಲ್ಲಿ ರೇಫೆಯನ್ನು ಯಕಾರಕ್ಕಿಂತ ಮೊದಲು ಉಚ್ಚರಿಸುತ್ತೇವೆ, ಅದರ ಗುರುತನ್ನು ಯಕಾರದ ಅನಂತರ ಬರೆಯುತ್ತೇವೆ. ಕಣ್ಣು ಮುಂದೆ ಹೋಗಿ ಹಿಂದಕ್ಕೆ ಬರಬೇಕು. ಕನ್ನಡ ಮಕ್ಕಳ ಓದನ್ನು ಅಧ್ಯಯನ ಮಾಡಿದ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಪ್ರಬಂಧವೂ ಈ ಅಕ್ಷರಜ್ಞಾನ ನಿಧಾನವಾಗಿ, ಹಲವು ತರಗತಿಗಳವರೆಗೆ ಬೆಳೆಯುತ್ತದೆಂದು ತೋರಿಸಿತು. ಒಂದೇ ವರ್ಷದಲ್ಲಿ ಎಲ್ಲವೂ ಬರಬೇಕೆಂಬ ಅವಸರ ಸಲ್ಲದು.

ಕಲಿಸುವ ಕ್ರಮದ ಮಾತೂ ಮುಖ್ಯವಾದದ್ದೇ. ಕಂಠದಿಂದ ತುಟಿಯವರೆಗೆ ಧ್ವನಿಗಳ ಹುಟ್ಟನ್ನು ಅನುಸರಿಸಿ ಜೋಡಿಸಿದ ವರ್ಣಮಾಲೆ ವೈಯಾಕರಣರ ಅದ್ಭುತ ಸಾಧನೆ. ಆದರೆ ಅಕಾರದಿಂದ ವಿಸರ್ಗದವರೆಗೆ 15 ಅಕ್ಷರ ಕಲಿತ ಮಗು ಅವುಗಳಿಂದಲೇ ಓದಬಹುದಾದ ಪದಗಳು ‘ಆ’, ‘ಈ’ಗಳಂಥ ಒಂದೆರಡು ಮಾತ್ರ. ನಮ್ಮ ಶಾಲೆಗಳಲ್ಲಿ ಬಳಕೆಗೆ ಬಂದ ‘ರ ಗ ಸ ದ ಅ’ ಕ್ರಮದ ಜಾಣ್ಮೆ ಇಲ್ಲಿದೆ. ಐದೇ ಅಕ್ಷರ ಕಲಿತೊಡನೆ ಸರ, ಅರಸ, ಅಗಸ, ಗರಗಸ ಎಂದು ಮಗು ಓದಬಲ್ಲುದು. ಅಕ್ಷರ ಅರ್ಥವಾಗಿ ಅರಳುವ ಸಂತೋಷ ಮೊದಲ ವಾರಗಳಲ್ಲೇ ಸಿಕ್ಕುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾದ ‘ನಲಿಕಲಿ’ ಪದ್ಧತಿ ಇನ್ನೊಂದು ಸತ್ಯವನ್ನು ಎತ್ತಿಹಿಡಿಯಿತು: ಎಲ್ಲ ಮಕ್ಕಳೂ ಒಂದೇ ವೇಗದಲ್ಲಿ ನಡೆಯುವುದಿಲ್ಲ, ಪ್ರತಿಯೊಂದೂ ತನ್ನ ಮೆಟ್ಟಿಲಿನಿಂದಲೇ ಏರಬೇಕು.

ಆದರೂ ಒಂದು ವಿಚಿತ್ರ ಉಳಿಯುತ್ತದೆ. ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜಿ — ಮಗುವಿಗೆ ಅತ್ಯಂತ ಪ್ರಿಯವಾದ ಈ ಪದಗಳೆಲ್ಲ ಒತ್ತಕ್ಷರದ ಪದಗಳು. ಒತ್ತಕ್ಷರವಾದರೋ ಪಾಠಕ್ರಮದ ಕೊನೆಯಲ್ಲಿ ಬರುವಂಥದು. ನಾಲಗೆಗೆ ಮೊದಲು ಬಂದದ್ದು ಕಣ್ಣಿಗೆ ಕೊನೆಗೆ ಬರಬೇಕೇ? ನಿಯಮ ಮುಂದೆ ಬರಲಿ. ಈ ಐದಾರು ಪದಗಳನ್ನು ಚಿತ್ರದಂತೆ ಇಡಿಯಾಗಿ ಮೊದಲ ದಿನದಿಂದಲೇ ಗೋಡೆಯ ಮೇಲೆ ಬರೆದಿಡಲು ಅಡ್ಡಿಯೇನು? ತನ್ನ ಮನೆಯವರು ಬರೆಹದಲ್ಲಿಯೂ ಇದ್ದಾರೆ ಎಂದು ತಿಳಿದ ಮಗು ಬರೆಹವನ್ನು ಪರಕೀಯವೆಂದು ಬಗೆಯುವುದಿಲ್ಲ. ಮನೆಮಾತಿಗೂ ಇದೇ ಗೌರವ ಸಲ್ಲಬೇಕು. ‘ಬಂದಾನ’ ಎನ್ನುವ ಧಾರವಾಡದ ಕಡೆಯ ಮಗುವೂ ‘ಬಂದವ್ನೆ’ ಎನ್ನುವ ಮಂಡ್ಯದ ಕಡೆಯ ಮಗುವೂ ಪುಸ್ತಕದಲ್ಲಿ ‘ಬಂದಿದ್ದಾನೆ’ ಎಂಬುದನ್ನು ಕಾಣುತ್ತವೆ. ಆ ನುಡಿಯನ್ನು ತಪ್ಪೆಂದು ಗದರಿದರೆ ಮಗು ಬಾಯಿ ಮುಚ್ಚಿಕೊಳ್ಳುತ್ತದೆ. ಇದು ನಿನ್ನ ಮಾತೇ, ಬರೆಯುವಾಗ ಹೀಗೆ ಎಂದರೆ ಓದುತ್ತದೆ.

ಕನ್ನಡಿಗರು ಓದದೆಯೂ ಕಾವ್ಯದ ಮರ್ಮ ಬಲ್ಲವರೆಂದು ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಹೊಗಳಿತು. ಕಾವ್ಯ ಕಿವಿಯಿಂದ ಕಿವಿಗೆ ಹರಿದು ಬಾಳಿದ ಕಾಲಕ್ಕೆ ಆ ಹೊಗಳಿಕೆ ಸಂದಿತು. ಇಂದು ಔಷಧದ ಚೀಟಿ, ಹೊಲದ ಪಹಣಿ, ಲೆಕ್ಕದ ಪ್ರಶ್ನೆ ಎಲ್ಲವೂ ಓದನ್ನು ಬೇಡುತ್ತವೆ. ಮೂರು ನಾಲ್ಕನೆಯ ತರಗತಿಯ ಹೊತ್ತಿಗೆ ಓದು ಕೈವಶವಾಗದ ಮಗುವಿಗೆ ಗಣಿತವೂ ವಿಜ್ಞಾನವೂ ಮುಚ್ಚಿದ ಬಾಗಿಲುಗಳು. ನಾವು ಕಾಲೇಜಿನಲ್ಲಿ ಪಂಪ ರನ್ನರ ಪಾಠ ಹೇಳುವುದಕ್ಕೆ ಹನ್ನೆರಡು ವರ್ಷ ಮೊದಲೇ ಆ ಪಾಠದ ಭಾಗ್ಯ ನಿಶ್ಚಯವಾಗಿರುತ್ತದೆ. ಅದನ್ನು ನಿಶ್ಚಯಿಸುವವರು ಬಳಪ ಹಿಡಿದ ಪುಟ್ಟ ಕೈಯನ್ನು ತಿದ್ದುವ ಉಪಾಧ್ಯಾಯರು.