ನಿಮಗಿದು ಗೊತ್ತೆ? ಅಂಚೆ ನೌಕರನ ಮನೆಯಲ್ಲಿ ಐದು ಲಾರಿ ಕಲೆ!

ನ್ಯೂಯಾರ್ಕ್‌ನ ಮ್ಯಾನ್‌ಹ್ಯಾಟನ್‌ನಲ್ಲಿ ಒಂದೇ ಬೆಡ್‌ರೂಮಿನ ಬಾಡಿಗೆ ಮನೆ. 1990ರಲ್ಲಿ ಅಲ್ಲಿಂದ ಕಲಾಕೃತಿಗಳನ್ನು ಸಾಗಿಸಲು ಐದು ದೊಡ್ಡ ಲಾರಿಗಳು ಬೇಕಾದವು!

ಅಲ್ಲಿದ್ದ ಹರ್ಬರ್ಟ್ ವೋಗಲ್ ಸಿರಿವಂತರೇನಲ್ಲ. ಅಂಚೆ ಇಲಾಖೆಯಲ್ಲಿ ರಾತ್ರಿ ಪಾಳಿಯಲ್ಲಿ ಕಾಗದ ವಿಂಗಡಿಸುವ ಕೆಲಸ. ಹೈಸ್ಕೂಲನ್ನೂ ಮುಗಿಸಿರಲಿಲ್ಲ. ಪತ್ನಿ ಡೊರೊಥಿ ಬ್ರೂಕ್ಲಿನ್‌ನಲ್ಲಿ ಲೈಬ್ರರಿಯನ್. ಆಕೆಯ ಸಂಬಳದಲ್ಲಿ ಸಂಸಾರ, ಆತನ ಸಂಬಳ ಕಲೆಗೆ. 1962ರಲ್ಲಿ ಮದುವೆಯಾದಾಗಿನಿಂದಲೂ ಹೀಗೆಯೇ.

ಕೊಳ್ಳುವ ಕೃತಿಯ ಬೆಲೆ ಕೈಗೆಟುಕಬೇಕು, ಅದು ಮನೆಯೊಳಗೆ ಹಿಡಿಸಬೇಕು. ಇಷ್ಟೇ ಷರತ್ತು. ಗೋಡೆಗಳು ತುಂಬಿದ ಮೇಲೆ ಮಂಚದ ಕೆಳಗೂ ಚಿತ್ರಗಳು ಸೇರಿದವು. ಇವುಗಳ ನಡುವೆಯೇ ಬೆಕ್ಕು, ಆಮೆ, ಮೀನುಗಳ ವಾಸ! ಪ್ರಸಿದ್ಧ ಕಲಾವಿದ ಕ್ರಿಸ್ಟೊ ದಂಪತಿ ಪರಸ್ಥಳಕ್ಕೆ ಹೋದಾಗ ಇವರು ಅವರ ಬೆಕ್ಕನ್ನು ನೋಡಿಕೊಂಡರು. ಅದಕ್ಕೆ ಪ್ರತಿಯಾಗಿ ಸಿಕ್ಕಿದ್ದು ಒಂದು ಕೊಲಾಜ್.

ಸೋಲ್ ಲೆವಿಟ್‌ನಂಥವರ ಕೃತಿಗಳನ್ನು ಅವರಿಗೆ ಹೆಸರು ಬರುವ ಮೊದಲೇ ಈ ದಂಪತಿ ಕೊಂಡಿದ್ದರು. ಕೆಲವನ್ನು ಮಾರಿದ್ದರೂ ಕೋಟ್ಯಧೀಶರಾಗುತ್ತಿದ್ದರು. ಮಾರಲಿಲ್ಲ. ಸಂಗ್ರಹವನ್ನು ವಾಷಿಂಗ್ಟನ್‌ನ ನ್ಯಾಷನಲ್ ಗ್ಯಾಲರಿ ಆಫ್ ಆರ್ಟ್‌ಗೆ ಒಪ್ಪಿಸಲು ನಿರ್ಧರಿಸಿದರು. ಅಲ್ಲಿ ಪ್ರವೇಶ ಉಚಿತ, ಬಂದ ಕೃತಿಯನ್ನು ಮಾರುವುದೂ ಇಲ್ಲ ಎಂಬುದೇ ಕಾರಣ. ಗ್ಯಾಲರಿ ವರ್ಷಾಶನ ಕೊಟ್ಟಾಗ ಆ ಹಣದಲ್ಲೂ ಚಿತ್ರಗಳನ್ನೇ ಕೊಂಡರು! ಸಂಗ್ರಹ 4,000 ದಾಟಿತು. 2008ರಲ್ಲಿ ಅಮೆರಿಕದ 50 ರಾಜ್ಯಗಳಲ್ಲಿ ತಲಾ ಒಂದು ಸಂಸ್ಥೆಗೆ 50 ಕೃತಿಗಳಂತೆ 2,500 ಕೃತಿಗಳನ್ನು ಹಂಚುವ ಯೋಜನೆ ಪ್ರಕಟವಾಯಿತು.